ನಾಲ್ಕು ಬೆರಳು ಮಡಿಕೆ

೬ನೇ ತಾರೀಖು, ಭಾನುವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಸೂಜಿಯ ನೆನಪುಗಳು. ನೀನು ಎರಡು ಪತ್ರ ಹಾಕಿದರೂ ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಇದ್ದೀಯೋ ಸತ್ತೆಯೋ ಎಂದು ಕೇಳಿದ್ದೀಯ. ಇದ್ದೇನೆ ಕಣೇ, ಅದೇನು ದೊಡ್ಡ ಸುದ್ದಿಯಲ್ಲ. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ. ಹೊಲಿಗೆ ಕ್ಲಾಸಿನಲ್ಲಿ ಬಲಗಡೆಯ ತೋಳನ್ನು ಎಡಗಡೆಗೆ ಹಚ್ಚಬೇಡ ಎಂದು ಟೀಚರು ತಲೆ ಚಚ್ಚಿಕೊಂಡಾಗಲೂ ಕೇಳಿದವಳಲ್ಲ.

ವಿಷಯಕ್ಕೆ ಬರುತ್ತೇನೆ. ಮಕ್ಕಳ ಅಪ್ಪ ಬಂದಿದ್ದ. ನನ್ನ ತಂಗಿ ತೀರಿಕೊಂಡಾಗ "ಸ್ವಲ್ಪ ದಿನ ನೋಡ್ಕೊಳ್ಳಿ ಅಕ್ಕ" ಎಂದು ಎರಡು ಹೆಣ್ಣುಮಕ್ಕಳನ್ನೂ ನನ್ನ ಮಡಿಲಿಗೆ ಹಾಕಿ ಹೋದವನು. ಚಿಕ್ಕವಳಿಗೆ ಆಗ ನೆಟ್ಟಗೆ ಮಾತೂ ಬರುತ್ತಿರಲಿಲ್ಲ. ಈಗ ಅವಳ ಬಾಯಿ ಮುಚ್ಚಿಸುವುದೇ ಒಂದು ಕೆಲಸ. ದಿನವಿಡೀ ಕುಯ್ ಕುಯ್ ಎಂದು ರಾಗ ಎಳೆಯುತ್ತಾಳೆಂದು ಪಿಟೀಲು ಎಂದೇ ಕರೆಯುತ್ತೇನೆ. ದೊಡ್ಡವಳಿಗೆ ಹದಿಮೂರು. ಅವಳು ಮಾತಾಡುವುದು ಅಪರೂಪ, ಆಡಿದರೆ ತೀರ್ಪು. ಅದಕ್ಕೇ ಅವಳು ಜಡ್ಜಮ್ಮ.

ಊಟಕ್ಕೆ ಕೂತಾಗ ಬಾಯಿಬಿಟ್ಟ. "ಅಕ್ಕ, ಮನೆ ದೊಡ್ಡದು ಮಾಡಿದೀನಿ. ಅವಳೂ ಬರಲಿ ಅಂತಿದಾಳೆ. ಈ ಚಳಿಗಾಲ ಮಕ್ಕಳು ನಮ್ಮ ಜೊತೆ ಇರಲಿ." ಅವಳು ಎಂದರೆ ಅವನ ಎರಡನೆಯ ಹೆಂಡತಿ. ನಾನು ಕೇಳಿದೆ, "ಚಳಿಗಾಲ ಮುಗಿದ ಮೇಲೆ?" ಅವನು ತಟ್ಟೆ ನೋಡುತ್ತ, "ಆಮೇಲೆ ನೋಡೋಣ ಬಿಡಿ" ಎಂದ. ಅವನ ಬಾಯಲ್ಲಿ ಸ್ವಲ್ಪ ದಿನ ಎಂದರೆ ಆರು ವರ್ಷ. ಹಾಗಿದ್ದರೆ ಒಂದು ಚಳಿಗಾಲ ಎಂದರೆ ಎಷ್ಟು, ನೀನೇ ಹೇಳು.

ಆಗುವುದಿಲ್ಲ ಎನ್ನಲು ನನಗೆ ಯಾವ ಬಾಯಿದೆ? ಅವನು ಹೆತ್ತಪ್ಪ. ನಾನು ದೊಡ್ಡಮ್ಮ, ಅಷ್ಟೇ. ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.

ಬಟ್ಟೆಬರೆ ಅಲ್ಲೇ ಕೊಡಿಸುತ್ತೇನೆ ಎಂದಾಗ ಮಾತ್ರ ತಡೆಯಲಾಗಲಿಲ್ಲ. "ನಾನಿನ್ನೂ ಸತ್ತಿಲ್ಲ. ನನ್ನ ಮಕ್ಕಳು ಅಂಗಡಿ ಬಟ್ಟೆ ಹಾಕ್ಕೊಂಡು ಹೋಗಲ್ಲ" ಎಂದೆ. "ಸರಿ ಅಕ್ಕ, ಆದರೆ ಒಬ್ಬೊಬ್ಬರಿಗೆ ಒಂದೇ ಪೆಟ್ಟಿಗೆ. ಬಸ್ಸಲ್ಲಿ ಜಾಗ ಇರಲ್ಲ" ಎಂದ. ಅಲ್ಲಿ ಚಳಿ ಹಲ್ಲು ಕಟಕಟ ಅನ್ನಿಸುವಂಥದ್ದಂತೆ.

ಒಂದು ಪೆಟ್ಟಿಗೆಯಲ್ಲಿ ಒಂದಿಡೀ ಚಳಿಗಾಲ ಹಿಡಿಸಬೇಕು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಮೇಲೆ ಬರೆಯುತ್ತ ಕೂತೆ. ಬಟ್ಟೆ ಕಮ್ಮಿ ಇರಬೇಕು, ಆದರೆ ಯಾವುದರ ಜೊತೆ ಯಾವುದನ್ನು ಹಾಕಿಕೊಂಡರೂ ಒಪ್ಪಬೇಕು. ಅಕ್ಕನ ಅಂಗಿ ತಂಗಿಗೆ ತೋಳು ಮಡಚಿದರೆ ಆಗಬೇಕು. ಹಾಗಾಗಿ ಬಣ್ಣ ಮೂರೇ: ಕಡುನೀಲಿ, ಬೂದು, ಸಾಸಿವೆ ಹಳದಿ. ಪ್ಯಾಂಟು, ಲಂಗ, ಕೋಟು ನೀಲಿ ಬೂದು, ಅಂಗಿಗಳಲ್ಲಿ ಹಳದಿ. ನೀಲಿ ದಪ್ಪ ಬಟ್ಟೆ ನಮ್ಮ ಅಂಗಡಿಯಿಂದಲೇ ಬಂತು. ಆಲ್ಟರೇಷನ್ ಕೋಣೆಯ ಮೂಲೆಯಲ್ಲಿ ಒಂದು ಕಡೆ ಬಿಸಿಲು ತಿಂದು ಮಾಸಿದ ಥಾನು ನಿಂತಿತ್ತು. ನಮ್ಮ ಮಾಲೀಕ ಗೊತ್ತಲ್ಲ, ಮಲಗುವಾಗಲೂ ಕುತ್ತಿಗೆಯಿಂದ ಟೇಪು ತೆಗೆಯದ ಇಂಚುಟೇಪು, "ತಗೊಂಡು ಹೋಗಮ್ಮ, ಮಾಸಿದ್ದನ್ನ ಒಳಗೆ ಹಾಕಿ ಹೊಲಿ, ನಿನಗೇನು ಹೇಳಿಕೊಡಬೇಕಾ" ಎಂದ. ಬೂದು ಬಣ್ಣದ್ದು ತಂಗಿಯ ಉಣ್ಣೆ ಕೋಟು. ಬಿಚ್ಚಿ ನೋಡಿದೆ. ಒಳಮೈ ಹೊಸದರ ಹಾಗೇ ಇತ್ತು. ಅದನ್ನೇ ಹೊರಗೆ ಮಾಡಿ ಪಿಟೀಲಿಗೆ ಒಂದು ಕೋಟು ಕತ್ತರಿಸಿದೆ.

ಪಿಟೀಲಿನ ರಾಗ ಶುರುವಾಯಿತು. ಕೆಂಪು ಬೇಕಂತೆ. ಕೆಂಪು ಯಾವುದಕ್ಕೂ ಹೊಂದುವುದಿಲ್ಲ ಎಂದರೆ ಇನ್ನೂ ಮೇಲಿನ ಶ್ರುತಿಗೆ ಹೋದಳು. ಜಡ್ಜಮ್ಮ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ ಹೇಳಿದಳು, "ಜೇಬಿನ ಒಳಗೆ ಕೆಂಪು ಹಾಕು ದೊಡ್ಡಮ್ಮ. ಹೊರಗೆ ಕಾಣಲ್ಲ, ಅವಳಿಗೆ ಗೊತ್ತಿರತ್ತೆ." ಹಾಗೇ ಮಾಡಿದೆ. ಆಮೇಲೆ ಕ್ಯಾಲೆಂಡರ್ ಹಾಳೆ ಎತ್ತಿ ನೋಡಿ, "ನಿನಗೆ ಏನೂ ಇಲ್ವಲ್ಲ?" ಎಂದಳು. ನಾನೆಲ್ಲಿಗೆ ಹೋಗ್ತೀನೇ, ಎಂದೆ.

ಈಗ ನಿನಗೊಬ್ಬಳಿಗೇ ಹೇಳುವ ಮಾತು. ಅಮ್ಮನ ಮಡಿಕೆ ನೆನಪಿದೆಯಾ? ಮಕ್ಕಳ ಬಟ್ಟೆಯ ಅಂಚನ್ನು ಒಳಗಡೆ ನಾಲ್ಕು ಬೆರಳಗಲ ಮಡಚಿ ಹೊಲಿಯುತ್ತಿದ್ದಳು. ಮಗು ಬೆಳೆದ ಹಾಗೆ ಒಂದೊಂದೇ ಬಿಚ್ಚಿ ಉದ್ದ ಮಾಡುವುದು. "ಮಡಿಕೆ ಬಿಡದೆ ಹೊಲಿಯೋದೂ ಒಂದೇ, ಮಗು ಬೆಳೀಬೇಡ ಅನ್ನೋದೂ ಒಂದೇ" ಎನ್ನುತ್ತಿದ್ದಳು. ತಂಗಿ ಹೋದ ಮೇಲೆ ಈ ಮಕ್ಕಳಿಗೂ ಹಾಗೇ ಹೊಲಿದಿದ್ದೇನೆ. ಪ್ರತಿ ವರ್ಷ ಮಡಿಕೆ ಬಿಚ್ಚುವಾಗ ಇಬ್ಬರೂ ನನ್ನ ಮಗ್ಗುಲಲ್ಲಿ ಕೂತು, ಎಷ್ಟು ಬೆಳೆದೆವು ಎಂದು ಬೆರಳಿಟ್ಟು ನೋಡಿಕೊಳ್ಳುತ್ತಿದ್ದರು.

ಈ ಸಲ ನಾನು ಮಡಿಕೆ ಬಿಡಲಿಲ್ಲ. ಒಂದು ಬೆರಳೂ ಇಲ್ಲ. ಈಗ ಸರಿಯಾಗಿ ಕಾಲ್ಗಂಟಿಗೆ ಬರುತ್ತದೆ, ಚಳಿಗಾಲ ಮುಗಿಯುವ ಹೊತ್ತಿಗೆ ಮೇಲೇರುತ್ತದೆ. ಆ ಹೊಸಬಳು ಬಿಚ್ಚಿ ಉದ್ದ ಮಾಡೋಣ ಎಂದು ನೋಡಿದರೆ ಒಳಗೆ ಏನೂ ಇರುವುದಿಲ್ಲ. ಆಗಲಾದರೂ ನನ್ನ ಹತ್ತಿರ ಕಳಿಸಬೇಕಲ್ಲ? ಬಟ್ಟೆಗೇನೂ ಬರವಿಲ್ಲ, ಧಾರಾಳವಾಗಿ ಉಳಿದಿದೆ. ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದ್ದೇನೆ. ಬಂದ ಮೇಲೆ ಹೊಸದು ಹೊಲಿಯಲು ಬೇಕಲ್ಲ.

ನಗಬೇಡ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ನಿನ್ನ ಮೊಮ್ಮಗನಿಗೆ ಮುತ್ತು. ಬೈಯುವುದಾದರೆ ಬೇಗ ಬೈದು ಬರೆ.

ನಿನ್ನ,
ಸೂಜಿ


೨೮ನೇ ತಾರೀಖು, ಸೋಮವಾರ

ಪ್ರೀತಿಯ ಗುಬ್ಬಿಗೆ,

ನೀನು ಬೈದು ಬರೆದ ಪತ್ರ ಬಂದು ಬಹಳ ದಿನವಾಯಿತು. ಉತ್ತರಿಸಲು ತಡವಾದದ್ದಕ್ಕೆ ಇನ್ನೊಂದಿಷ್ಟು ಬೈದುಕೋ. "ಮಕ್ಕಳ ಮೈಮೇಲೆ ನಿನ್ನ ಹಟ ಹೊಲಿಯಬೇಡ, ಬಿಚ್ಚು" ಎಂದು ಬರೆದಿದ್ದೆ. ಸರಿಯಾಗಿಯೇ ಬರೆದೆ. ಆದರೆ ಕತ್ತರಿಸಿದ ಬಟ್ಟೆ ಬಿಚ್ಚಿದರೆ ಉದ್ದವಾಗುತ್ತದೆಯೇ? ಪಟ್ಟಿ ಸೇರಿಸಿ ಉದ್ದ ಮಾಡಬಹುದಿತ್ತು, ನನಗೂ ಗೊತ್ತು. ದಿನಾ ನಾಳೆ ಮಾಡೋಣ ಎಂದುಕೊಂಡೆ. ಹೊರಡುವ ದಿನ ಬಂದೇಬಿಟ್ಟಿತು.

ಮಕ್ಕಳು ಹೋದರು, ಗುಬ್ಬಿ. ಮೊನ್ನೆ ಬೆಳಿಗ್ಗೆ.

ಅವನ ಜೊತೆ ಅವಳೂ ಬಂದಿದ್ದಳು. ಬಣ್ಣ ಬಳಿದುಕೊಂಡು ಮೂಗು ಮೇಲೆತ್ತಿ ಬರುತ್ತಾಳೆ ಎಂದು ಎಷ್ಟು ದಿನದಿಂದ ಕಾದಿದ್ದೆ. ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಲ್ಲಿ ಕೂರಲಿ ಎಂದು ಕೇಳಿ ಕೂತಳು. ಪಿಟೀಲಿನ ಕೋಟನ್ನು ಒಳಗೆ ಹೊರಗೆ ತಿರುಗಿಸಿ ನೋಡಿ, "ಒಳಗಿನ ಹೊಲಿಗೆನೂ ಹೊರಗಿನ ಹಾಗೇ ಇದೆಯಲ್ಲ ಅಕ್ಕ, ನನಗೆ ಗುಂಡಿ ಹಚ್ಚೋದೂ ಬರಲ್ಲ" ಎಂದಳು. ಆಮೇಲೆ ನನ್ನ ಪಕ್ಕಕ್ಕೆ ಸರಿದು, ಚಿಕ್ಕವಳು ಕತ್ತಲಿಗೆ ಹೆದರುತ್ತಾಳಾ, ದೊಡ್ಡವಳು ಕೋಪ ಬಂದಾಗ ಊಟ ಬಿಡುತ್ತಾಳಾ, ಬಿಟ್ಟರೆ ಏನು ಮಾಡಬೇಕು ಎಂದೆಲ್ಲ ಕೇಳಿದಳು. ಕೇಳಬೇಕಾದದ್ದನ್ನೇ ಕೇಳಿದಳು. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಕಾಲ ಹಾಕುತ್ತಿದ್ದೆ, ಅದಕ್ಕೂ ಕಲ್ಲು ಬಿತ್ತು.

ಪೆಟ್ಟಿಗೆಗಳನ್ನು ನಾನೇ ತುಂಬಿದೆ. ಯಾವ ಅಂಗಿ ಎತ್ತಿಕೊಂಡರೂ ಯಾವ ಪ್ಯಾಂಟಿಗೂ ಸರಿಹೊಂದುವ ಹಾಗೆ, ಬಣ್ಣದ ಮೇಲೆ ಬಣ್ಣ ಜೋಡಿಸಿ. ಮುಚ್ಚಳ ಸಲೀಸಾಗಿ ಕೂತಿತು. ಇಷ್ಟು ಚಿಕ್ಕದರಲ್ಲಿ ಇಷ್ಟೆಲ್ಲ ಹಿಡಿಯಿತಲ್ಲ ಎಂದು ಒಂದು ಗಳಿಗೆ ನನಗೇ ಹೆಮ್ಮೆಯಾಯಿತು. ಎಂಥ ಹುಚ್ಚಿ ನೋಡು.

ಪೆಟ್ಟಿಗೆ ಎತ್ತುವಾಗ ಅವನು ಹೇಳಿದ. ಅದುವರೆಗೂ ಬಾಯಲ್ಲಿ ಅವಲಕ್ಕಿ ತುಂಬಿಕೊಂಡವನ ಹಾಗಿದ್ದ. "ಅಕ್ಕ, ಅಲ್ಲಿ ಸ್ಕೂಲಿಗೆ ಸೇರಿಸಿಬಿಟ್ಟಿದೀನಿ. ಮುಂದಿನ ವರ್ಷನೂ ಅಲ್ಲೇ. ಮಧ್ಯೆ ಬಿಡಿಸಿದ್ರೆ ಓದು ಹಾಳಾಗತ್ತೆ. ರಜೆಯಲ್ಲಿ ನೋಡೋಣ." ನಾನು, "ಚಳಿಗಾಲ ಅಂದಿದ್ಯಲ್ಲಪ್ಪ" ಎಂದೆ. "ಹೌದು ಅಕ್ಕ, ಅಂದಿದ್ದೆ" ಎಂದ. ಇಷ್ಟೇ ಮಾತು. ಪಿಟೀಲು ನನ್ನ ಮುಖ ನೋಡಿದಳು. ಜಡ್ಜಮ್ಮ ನೋಡಲಿಲ್ಲ, ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು.

ಪಿಟೀಲು ಗೇಟು ಹಿಡಿದುಕೊಂಡು ಅತ್ತಳು. ಬೆರಳು ಬಿಡಿಸುವುದೇ ಕಷ್ಟವಾಯಿತು. ನಾನು ಕಲ್ಲಿನ ಹಾಗೆ ನಿಂತು, "ಜೇಬಲ್ಲಿ ಕೈ ಇಟ್ಟುಕೋ, ಕೆಂಪು ಇದೆಯಲ್ಲ" ಎಂದೆ. ಇಟ್ಟುಕೊಂಡಳು. ಹಾಗೇ ಬೀದಿ ತಿರುವಿನವರೆಗೆ ಹೋದಳು. ಜಡ್ಜಮ್ಮ ಹೋಗುವ ಮೊದಲು ನನ್ನ ಕುತ್ತಿಗೆ ತಬ್ಬಿಕೊಂಡಳು.

ಮಧ್ಯಾಹ್ನವೇ ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಏನು ಮಾಡಲಿ? ಮೇಜಿನ ಮೇಲೆ ಪ್ಯಾಂಟುಗಳ ರಾಶಿ, ಎಲ್ಲ ಉದ್ದ ಕಡಿಮೆ ಮಾಡುವವೇ. ಇಸ್ತ್ರಿಯವನು ಹಬೆಯ ಹಿಂದಿನಿಂದ ಕೇಳಿದ, "ಮಕ್ಕಳು ಚಳಿಗಾಲ ಆದಮೇಲೆ ಬರ್ತಾರಲ್ಲಕ್ಕ?" ಬರ್ತಾರೆ ಎಂದೆ. ಅವನಿಗಾದರೂ ಒಂದು ಸಮಾಧಾನ ಇರಲಿ. ಇಂಚುಟೇಪು ಏನೂ ಕೇಳದೆ ಒಂದು ಲೋಟ ಟೀ ತಂದಿಟ್ಟು ಹೋದ. ಅವನು ಟೀ ಕೊಟ್ಟಿದ್ದು ಈ ಜನ್ಮದಲ್ಲಿ ಅದೇ ಮೊದಲು.

ಮನೆಗೆ ಬಂದರೆ ಮೂರು ತಟ್ಟೆ ತೊಳೆದು ಬೋರಲು ಹಾಕಿದ್ದೆ. ಎರಡನ್ನು ಒಳಗೆ ಎತ್ತಿಡಬೇಕು, ಇನ್ನೂ ಇಟ್ಟಿಲ್ಲ. ರಜೆಯಲ್ಲಿ ಬರುತ್ತಾರೆ ಎಂದು ನೀನು ಬರೆಯುತ್ತೀಯ, ಗೊತ್ತು. ಬರೆಯಬೇಡ. ರಜೆಗೆ ಬರುವವರು ನೆಂಟರು ಕಣೇ. ನನಗೆ ನೆಂಟರು ಬೇಕಾಗಿಲ್ಲ.

ಅಲ್ಲಿ ಚೆನ್ನಾಗಿರಲಿ. ಹೊಟ್ಟೆ ತುಂಬ ಉಣ್ಣಲಿ, ಬೆಚ್ಚಗಿರಲಿ. ನಿನ್ನ ಮಕ್ಕಳಿಗೂ ಮೊಮ್ಮಗನಿಗೂ ನನ್ನ ಆಶೀರ್ವಾದ, ನಿನ್ನ ಮನೆ ಸದಾ ಗಲಾಟೆಯಲ್ಲೇ ಇರಲಿ. ಮಂಡಿಗೆ ಬಿಸಿ ಶಾಖ ಕೊಡು.

ನಿನ್ನ,
ಸೂಜಿ

ಮರೆತದ್ದು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೊರಡುವ ಹಿಂದಿನ ದಿನ ಎಲ್ಲ ಹಾಕಿ ನೋಡಿದರಲ್ಲ, ಆಗ ಪಿಟೀಲು ಕನ್ನಡಿ ಮುಂದೆ ಕುಣಿಯುತ್ತಿದ್ದಳು. ಜಡ್ಜಮ್ಮ ಕೆಳಗೆ ಕೂತು ತಂಗಿಯ ಪ್ಯಾಂಟಿನ ಅಂಚು ತಿರುಗಿಸಿ ನೋಡಿದಳು. ತನ್ನದನ್ನೂ ನೋಡಿಕೊಂಡಳು. ಆಮೇಲೆ ಮೆಲ್ಲಗೆ, ತಂಗಿಗೆ ಕೇಳದ ಹಾಗೆ ಕೇಳಿದಳು, "ನಾವು ಬೆಳೀಬಾರದಾ ದೊಡ್ಡಮ್ಮ?"

ಬಟ್ಟೆ ಸಾಲಲಿಲ್ಲ ಕಣಮ್ಮ, ಎಂದೆ.

ಇವತ್ತು ನಿನ್ನ ಮಾತು ಕೇಳೋಣ, ಪಟ್ಟಿಗಳನ್ನಾದರೂ ಕತ್ತರಿಸಿ ಅಂಚೆಯಲ್ಲಿ ಕಳಿಸೋಣ ಎಂದು ಮಂಚದ ಕೆಳಗಿನ ಚೀಲ ಎಳೆದೆ. ಹಗುರವಾಗಿ ಬಂತು. ನೀಲಿ ಇಲ್ಲ, ಬೂದು ಇಲ್ಲ, ಹಳದಿಯೂ ಇಲ್ಲ. ಮಷೀನಿನ ಡ್ರಾಯರಿನಿಂದ ನೀಲಿ ದಾರದ ಉಂಡೆಯೂ ಹೋಗಿದೆ. ಕೆಂಪು ಬಟ್ಟೆಯ ಒಂದು ತುಂಡನ್ನು ಮಾತ್ರ ಮಡಚಿ ಚೀಲದ ತಳದಲ್ಲಿ ಬಿಟ್ಟುಹೋಗಿದ್ದಾಳೆ ಜಡ್ಜಮ್ಮ.

ಅವಳಿಗೆ ಹೊಲಿಗೆ ಕಲಿಸಿದವಳು ನಾನೇ. ಅಷ್ಟು ಬಟ್ಟೆಯಲ್ಲಿ ಮೂರು ವರ್ಷ ಉದ್ದ ಮಾಡುತ್ತ ಹೋಗಬಹುದು, ಗುಬ್ಬಿ.