ಬೈಯುವುದಿದ್ದರೆ ಬೈ

ಅಮ್ಮಾ,

ನೀನು ಬೇಡವೆಂದ ನರ್ಸಿಂಗಿಗೇ ಸೇರುತ್ತಿದ್ದೇನೆ. ಇವತ್ತು ಬ್ಯಾಂಕಿನಲ್ಲಿ ಸಾಲಕ್ಕೆ ಸಹಿ ಹಾಕಿ ಬಂದೆ. ನೀನಿಲ್ಲವಲ್ಲ, ಜಾಮೀನಿಗೆ ಮಾವ ಬಂದಿದ್ದರು.

ಮ್ಯಾನೇಜರ್ ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿದರು. "ನೋಡಮ್ಮ, ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ರೆ ಅರ್ಧ ಸಂಬಳ ಕಂತಿಗೇ ಹೋಗುತ್ತೆ. ಡಿಪ್ಲೊಮಾಗಾದ್ರೆ ಇದರಲ್ಲಿ ಅರ್ಧ ಸಾಲ ಸಾಕು. ಶುರುವಿನ ಸಂಬಳದಲ್ಲಿ ಅಂಥಾ ವ್ಯತ್ಯಾಸ ಏನಿಲ್ಲ."

"ನಾನೂ ಅದನ್ನೇ ಬಡ್ಕೊಂಡೆ ಸಾರ್," ಎಂದರು ಮಾವ. "ಇವಳೂ ಅವರಮ್ಮನ ಹಾಗೇ. ಹಿಡಿದಿದ್ದು ಬಿಡಲ್ಲ."

"ಶುರುವಿನದು ಸರಿ ಸಾರ್," ಎಂದೆ. "ಹತ್ತು ವರ್ಷ ಆದ್ಮೇಲಿನ ಸಂಬಳಾನೂ ಲೆಕ್ಕ ಹಾಕಿ. ಡಿಗ್ರಿ ಇದ್ರೆ ವಾರ್ಡ್ ನೋಡ್ಕೊಳ್ಳೋ ಹುದ್ದೆಗೆ ಹೋಗಬಹುದು. ನನಗೆ ಅದೇ ಬೇಕು."

ಅವರು ಮತ್ತೆ ಲೆಕ್ಕ ಹಾಕಿದರು. "ಅಲ್ಲೀತನಕ ಕೈ ಬಿಗಿ ಹಿಡೀಬೇಕಾಗುತ್ತೆ," ಎಂದರು.

"ನಮ್ಮನೇಲಿ ಅದು ಹೊಸದಲ್ಲ ಸಾರ್."

"ಆಸ್ಪತ್ರೆ ನೆಲ ಒರೆಸೋದು ನನ್ನ ತಲೆಗೇ ಮುಗೀಲಿ, ನೀನು ಆ ಕಡೆ ತಲೆ ಹಾಕಬೇಡ," ಎಂದಿದ್ದೆ ನೀನು. ಅದಕ್ಕೆ ನಾನು ಕೊಟ್ಟ ಉತ್ತರ ನಿನಗೆ ನೆನಪಿದ್ದೇ ಇರುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಯ ವಾರ, ನೀನು ನೆಲ ಒರೆಸಿದ ಅದೇ ವಾರ್ಡಿನಲ್ಲಿ, ನರ್ಸ್ ಒಬ್ಬರೇ ನಿನ್ನನ್ನು ನೋವಾಗದಂತೆ ಮಗ್ಗುಲು ಹೊರಳಿಸಿದರು. ನಿನ್ನನ್ನು ಎಲ್ಲಿ ಹಿಡಿಯಬೇಕೆಂದು ಗೊತ್ತಾಗದೆ ನಾನು ಬಾಗಿಲಲ್ಲೇ ನಿಂತಿದ್ದೆ.

ಇನ್ನು ಯಾರ ಮಂಚದಿಂದಲೂ ಹಾಗೆ ದೂರ ನಿಲ್ಲುವುದಿಲ್ಲ. ಬೈಯುವುದಿದ್ದರೆ ಬೈ. ಸೋಮವಾರದಿಂದ ಕಾಲೇಜು.