ಬಾವಿಮರದ ಕಾಯಿ

ಜೋಡಿಬಾವಿಪಾಳ್ಯ, ಮಾಯಸಂದ್ರ ಹೋಬಳಿ
ಮೇ ೧೨, ಸೋಮವಾರ

ಕೃತಿಕಾಳ ಅಪ್ಪನಿಗೆ,

ಮುಂಬೈಯ ಬಿಸಿಲಿಗೆ ಮೈ ಹೇಗಿದೆ? ಕಾಲಿನ ಊತ ಇಳಿಯಿತೆ? ನಾನು ಮಾಡಿದರೆ ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದವನ್ನು ನಿಮ್ಮ ಇನ್ನೊಂದು ಲಾರಿ ಓಡಿಸುವ ಶಿವಣ್ಣನ ಕೈಗೆ ಕೊಡುತ್ತಿದ್ದೇನೆ. ಬಸುರಿ ಮಗಳಿಗೆ ಏಳು ತಿಂಗಳು ತುಂಬಿದರೂ ವಾಂತಿ ನಿಂತಿಲ್ಲ. ಭಾನುವಾರ ಸೀಮಂತ, ನೆನಪಿದೆಯಲ್ಲ?

ಹೋದ ವರ್ಷ ಊರಲ್ಲಿ ಬಣ್ಣದ ಸೋಡಾ ಬಾಟಲಿ ಮಾರಕೂಡದೆಂದು ಪಂಚಾಯಿತಿಯಲ್ಲಿ ಗಂಟಲು ಹರಿದುಕೊಂಡವಳು ನಾನು. ಹೋಗಿ ಮಾತಾಡು ಎಂದು ಬೆನ್ನು ತಟ್ಟಿದವರು ನೀವು. ಮಕ್ಕಳು ನಮ್ಮ ಎಳನೀರು ಕುಡಿಯಲಿ ಅಂತ ಅಷ್ಟೇ ನನ್ನಾಸೆ. ಬಾಟಲಿ ಮಾರುತ್ತಿದ್ದ ಹುಚ್ಚಕ್ಕನ ಪೆಟ್ಟಿಗೆ ಅಂಗಡಿ ಬಾಗಿಲು ಹಾಕಿತು. ಎಳನೀರು ಮಳಿಗೆ ಇಡುತ್ತೇನೆಂದ ನಿಮ್ಮ ವ್ಯಾಪಾರಿ ಊರ ತೋಟಗಳನ್ನೆಲ್ಲ ಗುತ್ತಿಗೆ ಹಿಡಿದ. ಮಳಿಗೆ ತಿಂಗಳಿಗೇ ಮುಚ್ಚಿತು, ಎಳನೀರು ತುಂಬಿಕೊಂಡು ಮುಂಬೈಗೆ ಹೋಗುವ ಲಾರಿ ಮಾತ್ರ ನಿಲ್ಲಲಿಲ್ಲ. ಈಗ ಬಸುರಿ ಹೆಂಗಸಿಗೆ ಊರಲ್ಲಿ ಒಂದು ಎಳನೀರು ಸಿಗುವುದಿಲ್ಲ. ಮೊನ್ನೆ ಹುಚ್ಚಕ್ಕನ ಹಿತ್ತಿಲ ಬಾಗಿಲು ತಟ್ಟಿ, ಮಗಳ ವಾಂತಿಗೆಂದು ಸೆರಗಿನಡಿ ಆ ಬಾಟಲಿ ತಂದವಳೂ ನಾನೇ. ಥೂ, ನನ್ನ ಬಾಳೇ!

ಅದನ್ನೂ ನುಂಗಿಕೊಂಡೆ. ನಿನ್ನೆ ಮಡಿಲಿಗೆ ಕೊಬ್ಬರಿ ತೆಗೆಯಲು ಅಟ್ಟ ಹತ್ತಿದೆ. ಮಗಳ ಮಡಿಲಿಗೆ ತವರಿನ ಅಟ್ಟದಲ್ಲೇ ವರ್ಷ ಒಣಗಿದ ಕಾಯಿ ಬೀಳಬೇಕೆಂದು ಬಾವಿಕಟ್ಟೆಯ ಮೂರು ಮರ ಗುತ್ತಿಗೆಗೆ ಕೊಡದೆ ಬಿಟ್ಟಿದ್ದೆವು. "ಕಾಯಿ ಅಟ್ಟಕ್ಕಾಕಿವ್ನಿ ಕಣೇ, ನೀನು ಏಣಿ ಹತ್ಬೇಡ" ಎಂದಿದ್ದಿರಿ. ಮಂಡಿನೋವಿನವಳ ಮೇಲೆ ಎಷ್ಟು ಕರುಣೆ ಅಂದುಕೊಂಡಿದ್ದೆ. ಅಲ್ಲಿ ಇಲಿ ಹಿಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಮರ ಹತ್ತುವ ಸಣ್ಣತಿಮ್ಮಯ್ಯನನ್ನು ಕೇಳಿದೆ. "ನಿಂಗೆ ಶಾಲು ಹೊದ್ಸಿದ ದಿನವೇ ಅವು ಎಳನೀರಾಗಿ ಲಾರಿ ಹತ್ತಿದ್ವು ಕಣಕ್ಕ. ಬಾಟ್ಲಿ ನಿಲ್ಸೋಕೆ ಮೊದ್ಲೇ ಯಜಮಾನ್ರು ಊರ ಎಳನೀರೆಲ್ಲ ನಿಂಗೇ ಅಂತ ವ್ಯಾಪಾರಿಗೆ ಮಾತು ಕೊಟ್ಟಿದ್ರು" ಎಂದ. ಬಾಟಲಿ ನಿಲ್ಲಿಸಿದ್ದಕ್ಕೆ ತುಮಕೂರಿನಲ್ಲಿ ನನಗೆ ಹೊದಿಸಿದ ಆ ಶಾಲನ್ನು ಇವತ್ತು ಒಲೆಗೆ ಹಾಕಿದೆ. ಮೂವತ್ತು ವರ್ಷ ನಿಮ್ಮ ಮಾತು ನಂಬಿ ಬಾಳಿದವಳು ನಾನು.

ದಾರಿಯಲ್ಲಿ ದೇವರು ನಿಮ್ಮನ್ನು ಕಾಯಲಿ. ಇದೊಂದನ್ನು ಈಗಲೂ ಬೇಡಿಕೊಳ್ಳುತ್ತೇನೆ.

ಗಂಗಲಕ್ಷ್ಮಿ

ಮರೆತೆ: ಈಗ ತಾನೆ ಹುಚ್ಚಕ್ಕ ತನ್ನ ಅಟ್ಟದ ಐದು ಕಾಯಿ ತಂದುಕೊಟ್ಟಳು. "ಅಂಗ್ಡಿ ಮುಚ್ಸಿದ್ದು ನೀನು. ನಿನ್ ಮಗ್ಳು ಏನ್ ಮಾಡುದ್ಲು ಬುಡು" ಎಂದು ನಿಲ್ಲದೆ ಹೋದಳು. ಕೃತಿಕಾ ಒಳಗಿಂದ ಬಂದು ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿ, ಅಪ್ಪ ನನಗೆಂದೇ ಎತ್ತಿಟ್ಟಿದ್ದು ಎಂದು ನಕ್ಕಳು. ನಾನು ಅವನ್ನು ಮಡಿಲ ತಟ್ಟೆಯಲ್ಲಿ ಜೋಡಿಸಿಟ್ಟೆ. ಇವು ಯಾರ ಅಟ್ಟದ ಕಾಯೆಂದು ಭಾನುವಾರ ಬಂದು ನೀವೇ ಹೇಳಿ.