ನುಣುಪಿಲ್ಲದ ಕೆನ್ನೆ

12 ಜೂನ್ 2025, ಗುರುವಾರ. ಉಪ್ಪಾರಹಳ್ಳಿ.

ಮೊಮ್ಮಗಳು ಚಿನ್ಮಯಿ ನಾಳೆ ಕಾಲೇಜಿನಲ್ಲಿ ತನ್ನ ಸಂಶೋಧನೆಯ ಬಗ್ಗೆ ಮಾತಾಡಬೇಕು. ಭಯಕ್ಕೆ ಊಟ ಬಿಟ್ಟಿದ್ದಾಳೆ. ಸಭೆಗೆ ಹೋಗುವವರು ಮೊದಲು ನನ್ನೆದುರು ಮಾತಾಡಿ ತೋರಿಸುವುದು ಈ ಮನೆಯ ಪದ್ಧತಿ. ತೋರಿಸಿದಳು. ಶಬ್ದಕ್ಕಿಂತ ಐದಾರು ಪಟ್ಟು ವೇಗದ ವಿಮಾನದ ಮೈಮೇಲೆ ಗಾಳಿ ನಡುಗಿ ಕದಡಿದರೆ ಮೈ ಸುಡುತ್ತದಂತೆ.

“ಹಂಗಾದ್ರೆ ಮೈ ನುಣ್ಣಗಿರ್ಬೇಕು,” ಎಂದೆ.

“ಅಲ್ಲೇ ಇರೋದು ತಮಾಷೆ ಅಜ್ಜಿ! ಸಣ್ಣಸಣ್ಣ ಗುಳಿ ಇದ್ರೆ ಆ ನಡುಕ ಅದ್ರೊಳಗೇ ಅಡಗುತ್ತೆ. ನಿನ್ ಸಿಡುಬಿನ ಕೆನ್ನೆ ಥರ.”

ಸೊಸೆ ಬೆಚ್ಚಿದಳು. ಆ ಮಾತನ್ನು ಇಲ್ಲಿ ಯಾರೂ ಎತ್ತಿದವರಲ್ಲ. ನನಗೆ ನಗು ತಡೆಯಲಾಗಲಿಲ್ಲ.

“ನಾಳೆ ಇದನ್ನೇ ಹೇಳೇ. ಮುಂದಿನ ಸಾಲಲ್ಲೇ ಕೂತಿರ್ತೀನಿ. ಭಯ ಆದ್ರೆ ನನ್ ಕೆನ್ನೆ ನೋಡು.”

ಚಿನ್ಮಯಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಮದುವೆಯ ಫೋಟೊದಿಂದಲೂ ಬಲಗೆನ್ನೆಗೆ ಸೆರಗು ಎಳೆದುಕೊಂಡೇ ಬಂದವಳು ನಾನು. ನಾಳೆ ಸೆರಗನ್ನು ಭುಜಕ್ಕೆ ಭದ್ರವಾಗಿ ಪಿನ್ನು ಮಾಡಬೇಕು.